ನನ್ನ ಮಂಡಿಯೊಳಗೆ ಇದ್ದದ್ದು ಯಾವ ಕಂಪನಿಯದು? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಚಿಕ್ಕ ವಯಸ್ಸಿನಲ್ಲೇ ಮಂಡಿ ಬದಲಾಯಿಸಿಕೊಂಡವರ ಲೆಕ್ಕ ಇಡುವ ಬಗ್ಗೆ.

ಮಾನ್ಯರೇ,

ನಮಸ್ಕಾರ. 2023ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಒಬ್ಬ ಮೂಳೆ ಡಾಕ್ಟರು, ಒಂಬತ್ತು ವರ್ಷದ ಹಿಂದೆ ಬೇರೆ ಕಡೆ ಬದಲಾಯಿಸಿಕೊಂಡಿದ್ದ ನನ್ನ ಬಲ ಮಂಡಿಯ ಎಕ್ಸ್‌ರೇಯನ್ನು ಪರದೆ ಮೇಲೆ ದೊಡ್ಡದು ಮಾಡಿ ನೋಡಿದರು. ಲೋಹದ ತಟ್ಟೆಯ ಕೆಳಗೆ, ಮೂಳೆಗೂ ಅದಕ್ಕೂ ನಡುವೆ ಒಂದು ಕಪ್ಪು ಗೆರೆ ಇತ್ತು. ಗೋಡೆ ಮತ್ತು ಚೌಕಟ್ಟಿನ ನಡುವೆ ಸಿಮೆಂಟ್ ಬಿಟ್ಟಾಗ ಕಾಣುತ್ತಲ್ಲ, ಅಂಥ ಗೆರೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: "ಮೇಷ್ಟ್ರೇ, ಒಳಗಿರೋದು ಯಾವ ಕಂಪನಿದು? ಯಾವ ಸೈಜು?"

ನನಗೆ ಗೊತ್ತಿರಲಿಲ್ಲ. ಒಂಬತ್ತು ವರ್ಷ ಅದರ ಮೇಲೆ ನಿಂತಿದ್ದೆ, ನಡೆದಿದ್ದೆ, ಮಕ್ಕಳಿಗೆ ಡ್ರಿಲ್ ಹೇಳಿಕೊಟ್ಟಿದ್ದೆ. ಮನೆಯ ಮಿಕ್ಸಿ ಯಾವ ಕಂಪನಿಯದು, ಯಾವ ವರ್ಷದ್ದು ಅಂತ ಹೇಳಬಲ್ಲೆ, ವಾರಂಟಿ ಕಾರ್ಡ್ ಕೂಡ ಇದೆ. ಕಾಲೊಳಗೆ ಏನಿದೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ. ತುಂಗಭದ್ರೆ ದಂಡೆಯ ಒಂದು ಊರಿನ ಅನುದಾನಿತ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ, ಅಂದರೆ ಪಿಟಿ ಮೇಷ್ಟ್ರು. ಕಾಲೇಜಿನ ದಿನಗಳಲ್ಲಿ ಖೋ ಖೋ ಆಡುತ್ತಿದ್ದೆ. 1992ರಲ್ಲಿ ಒಂದು ಪಂದ್ಯದಲ್ಲಿ ಕಂಬ ಹಿಡಿದು ತಿರುಗುವಾಗ ಬಲಗಾಲು ಮಣ್ಣಿನಲ್ಲಿ ಸಿಕ್ಕಿಕೊಂಡಿತು, ದೇಹ ತಿರುಗಿತು, ಕಾಲು ತಿರುಗಲಿಲ್ಲ. ಮಂಡಿಯೊಳಗೆ ಮೆತ್ತೆಯ ಹಾಗೆ ಕೂತಿರುವ ಮೆನಿಸ್ಕಸ್ ಹರಿಯಿತು. ಈಗಾದರೆ ಸಣ್ಣ ತೂತು ಕೊರೆದು ಹರಿದಷ್ಟನ್ನು ಮಾತ್ರ ಸರಿ ಮಾಡುತ್ತಾರೆ, ಆದಷ್ಟೂ ಉಳಿಸಿಕೊಳ್ಳುತ್ತಾರೆ. ನಮ್ಮ ಕಡೆ ಆಗ ಮಂಡಿ ಕೊಯ್ದು ಪೂರ್ತಿ ತೆಗೆದುಬಿಟ್ಟರು. ಮೆತ್ತೆ ಇಲ್ಲದ ಕೀಲು ಇಪ್ಪತ್ತು ವರ್ಷದಲ್ಲಿ ಸವೆದುಹೋಯಿತು. ನಲವತ್ತಕ್ಕೆ ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿಗೆ ಜೋತು ಬೀಳುತ್ತಿದ್ದೆ. ಹಿಂದಿನವರು "ಬೇಗ ಹತ್ರೀ ಯಜಮಾನ್ರೇ" ಅನ್ನೋರು. ಅಷ್ಟರಲ್ಲೇ ಯಜಮಾನ ಆಗಿದ್ದೆ ನೋಡಿ.

2014ರ ಜನವರಿಯಲ್ಲಿ ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ಉಚಿತ ಮಂಡಿ ನೋವು ತಪಾಸಣೆ ಶಿಬಿರ ನಡೆಯಿತು. ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಯವರು ಬಂದಿದ್ದರು. ಅದರ ಹೆಸರು ಬರೆಯುವುದಿಲ್ಲ, ಒಬ್ಬರನ್ನು ದೂರುವುದು ಈ ಪತ್ರದ ಉದ್ದೇಶ ಅಲ್ಲ. ಅಲ್ಲಿ ನನಗೆ ಹೇಳಿದ್ದು ಇಷ್ಟೇ: "ಮಂಡಿ ಚಿಪ್ಪು ಬದಲಾಯಿಸಿದರೆ ಇಪ್ಪತ್ತೈದು ವರ್ಷ ತಿರುಗಿ ನೋಡೋ ಹಾಗಿಲ್ಲ." ನನಗೆ ಆಗ 43. ಲೆಕ್ಕ ಹಾಕಿದೆ, 68 ಆಗುತ್ತದೆ, ಆಮೇಲೆ ಹೇಗೋ ಆಗುತ್ತದೆ ಅಂದುಕೊಂಡೆ. ಅಂದ ಹಾಗೆ ಈ "ಚಿಪ್ಪು ಬದಲಾಯಿಸೋದು" ಅನ್ನೋ ಮಾತೇ ತಪ್ಪು. ತೊಡೆ ಮೂಳೆಯ ತುದಿ ಮತ್ತು ಕೆಳಗಾಲಿನ ಮೂಳೆಯ ತಲೆ ಎರಡನ್ನೂ ಗರಗಸದಿಂದ ಕೊಯ್ದು, ಮೇಲಿನದಕ್ಕೆ ಲೋಹದ ಟೋಪಿ, ಕೆಳಗಿನದಕ್ಕೆ ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ ಇಡುತ್ತಾರೆ. ಕೊಯ್ದ ಮೂಳೆ ಮತ್ತೆ ಬೆಳೆಯುವುದಿಲ್ಲ. ಇದನ್ನು ಯಾರೂ ಹೀಗೆ ಬಿಡಿಸಿ ಹೇಳಲಿಲ್ಲ. ಚಿಪ್ಪು ಅಂದರೆ ಬಟನ್ ಬದಲಾಯಿಸಿದ ಹಾಗೆ ಅಂತಲೇ ಎಲ್ಲರೂ ತಿಳಿದಿರುತ್ತಾರೆ, ಅಲ್ವಾ?

ಆ ವರ್ಷ ಫೆಬ್ರುವರಿಯಲ್ಲಿ ಆಪರೇಷನ್ ಆಯಿತು. 1 ಲಕ್ಷ 85 ಸಾವಿರ ಖರ್ಚು. ನ್ಯಾಯವಾಗಿ ಹೇಳಬೇಕು ಅಂದರೆ ಮೊದಲ ಏಳು ವರ್ಷ ನಿಜಕ್ಕೂ ಚೆನ್ನಾಗಿತ್ತು. ರಾತ್ರಿ ನಿದ್ದೆ ಬಂತು. ಜಾತ್ರೆಯಲ್ಲಿ ತೇರಿನ ಹಿಂದೆ ನಡೆದೆ. ನೆಲದ ಮೇಲೆ ಕೂರುವುದು, ದೇಸಿ ಶೌಚಾಲಯ ಇವೆರಡೂ ಹೋದವು, ಮದುವೆ ಮನೆಯ ಪಂಕ್ತಿಯಲ್ಲಿ ನನಗೊಬ್ಬನಿಗೇ ಕುರ್ಚಿ ಹಾಕುತ್ತಿದ್ದರು. ಅದಕ್ಕೆ ಒಗ್ಗಿಕೊಂಡೆ. ಡಾಕ್ಟರ ಕೈಗುಣದ ಬಗ್ಗೆ ನನಗೆ ಇವತ್ತೂ ದೂರಿಲ್ಲ.

ನನ್ನ ದೂರು ಬೇರೆ. ಆಪರೇಷನ್ ಆದ ಮೊದಲ ವರ್ಷ ಮೂರು ಸಲ ಕರೆದರು, ನೋಡಿದರು. ಆಮೇಲೆ ಒಂದು ಫೋನ್ ಇಲ್ಲ, ಒಂದು ಚೀಟಿ ಇಲ್ಲ. ನೋವಿಲ್ಲವಲ್ಲ, ಯಾಕೆ ಹೋಗಬೇಕು ಅಂತ ನಾನೂ ಸುಮ್ನೆ ಇದ್ದೆ. ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಎಕ್ಸ್‌ರೇ ತೆಗೆಸಬೇಕು ಅಂತ ನನಗೆ ಗೊತ್ತಾದದ್ದು 2023ರಲ್ಲಿ. ಒಳಗೆ ಆಗುವುದು ಇದು: ನಡೆದಾಗಲೆಲ್ಲ ನಡುವಿನ ಪ್ಲಾಸ್ಟಿಕ್ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಉದುರುತ್ತದೆ. ದೇಹ ಆ ಪುಡಿಯನ್ನು ಪರಕೀಯ ಅಂತ ತಿಳಿದು ಅದರ ಮೇಲೆ ಬೀಳುತ್ತದೆ, ಆ ಗಲಾಟೆಯಲ್ಲಿ ಅಕ್ಕಪಕ್ಕದ ಮೂಳೆ ಕರಗುತ್ತದೆ, ಲೋಹ ಸಡಿಲ ಆಗುತ್ತದೆ. ಬಹಳ ದಿನ ನೋವೇ ಇರುವುದಿಲ್ಲ. ನೋವು ಶುರುವಾಗುವ ಹೊತ್ತಿಗೆ ಮೂಳೆ ಹೋಗಿರುತ್ತದೆ. ಎಪ್ಪತ್ತರ ಅಜ್ಜಿ ದಿನಕ್ಕೆ ಮನೆಯಿಂದ ದೇವಸ್ಥಾನಕ್ಕೆ ನಡೆಯಬಹುದು. ನಲವತ್ಮೂರರ ಪಿಟಿ ಮೇಷ್ಟ್ರು ದಿನಕ್ಕೆ ಎಷ್ಟು ಹೆಜ್ಜೆ ಹಾಕುತ್ತಾನೆ ಅಂತ ಲೆಕ್ಕ ಹಾಕಿ.

2021ರಲ್ಲಿ ಮೆಟ್ಟಿಲಿಳಿಯುವಾಗ ಒಳಗೆ 'ಟಕ್' ಅನ್ನತೊಡಗಿತು. 2022ರಲ್ಲಿ ಊತ. 2023ರಲ್ಲಿ ಆ ಕಪ್ಪು ಗೆರೆ, ಮತ್ತು ಆ ಪ್ರಶ್ನೆ.

ಉತ್ತರ ಹುಡುಕಿಕೊಂಡು ಹಳೆ ಆಸ್ಪತ್ರೆಗೆ ಹೋದೆ. ಆಡಳಿತ ಬದಲಾಗಿತ್ತು, ಆಪರೇಷನ್ ಮಾಡಿದ ಡಾಕ್ಟರು ಊರು ಬಿಟ್ಟಿದ್ದರು. ರೆಕಾರ್ಡ್ ರೂಮಿನ ಹುಡುಗ ಪಾಪ ಒಳ್ಳೆಯವನು, ಒಂದು ಗಂಟೆ ಹುಡುಕಿದ. ಕೊನೆಗೆ "ಸಾರ್, ಮೂರು ವರ್ಷ ಆದಮೇಲೆ ಫೈಲ್ ಇಟ್ಕೊಳ್ಳೋ ರೂಲ್ಸ್ ಇಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ. 2002ರ ವೈದ್ಯಕೀಯ ಮಂಡಳಿಯ ನಿಯಮದಲ್ಲಿ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು ಅಂತಲೇ ಇದೆ. ಇಪ್ಪತ್ತೈದು ವರ್ಷ ಬಾಳುತ್ತೆ ಅಂತ ಮಾರುವ ಸಾಮಾನಿಗೆ ಮೂರು ವರ್ಷದ ಕಾಗದ! ಮನೆಯಲ್ಲಿ ಟ್ರಂಕ್ ತಡಕಾಡಿದೆ. ಡಿಸ್ಚಾರ್ಜ್ ಚೀಟಿ ಸಿಕ್ಕಿತು. ಅದರಲ್ಲಿ ನನ್ನ ಬಿಪಿ, ಶುಗರ್, ಊಟದ ಪಥ್ಯ ಎಲ್ಲ ಇತ್ತು. ಇಂಪ್ಲಾಂಟ್, ಅಂದರೆ ಒಳಗೆ ಕೂರಿಸಿದ ಕೃತಕ ಕೀಲು, ಅನ್ನೋ ಜಾಗದಲ್ಲಿ ಒಂದೇ ಪದ: "ಇಂಪೋರ್ಟೆಡ್."

ಆ ಒಂದು ಮಾಹಿತಿ ಯಾಕೆ ಅಷ್ಟು ಮುಖ್ಯ ಅಂತ ಬೆಂಗಳೂರಿನ ಡಾಕ್ಟರು ವಿವರಿಸಿದರು. ಸವೆದದ್ದು ಬರೀ ಪ್ಲಾಸ್ಟಿಕ್ ಆಗಿದ್ದು, ಲೋಹ ಗಟ್ಟಿ ಕೂತಿದ್ದರೆ, ಕೆಲವೊಮ್ಮೆ ಪ್ಲಾಸ್ಟಿಕ್ ಒಂದನ್ನೇ ಬದಲಾಯಿಸಿ ಕಳಿಸಬಹುದಂತೆ. ಆದರೆ ಒಬ್ಬರ ತಟ್ಟೆಗೆ ಇನ್ನೊಬ್ಬರ ಪ್ಲಾಸ್ಟಿಕ್ ಕೂರುವುದಿಲ್ಲ, ಒಂದೊಂದು ಕಂಪನಿಯ ಲಾಕ್ ಒಂದೊಂದು ಥರ. "ಎರಡು ವರ್ಷ ಮುಂಚೆ ಬಂದಿದ್ದು, ಯಾವ ಕಂಪನಿದು ಅಂತ ಗೊತ್ತಿದ್ದಿದ್ರೆ ನೋಡಬಹುದಿತ್ತೇನೋ" ಅಂದರು. ಅಷ್ಟು ಹೇಳಿ ಸುಮ್ಮನಾದರು. ಆ 'ಏನೋ' ನನಗೆ ಇನ್ನೂ ಕಿವಿಯಲ್ಲಿದೆ.

ಆಗಸ್ಟ್‌ನಲ್ಲಿ ಎಲ್ಲವನ್ನೂ ಬಿಚ್ಚಿ ತೆಗೆದು, ಮೂಳೆ ಕರಗಿದ ಕಡೆ ಲೋಹದ ತುಂಡು ಕೂರಿಸಿ, ಮೂಳೆಯ ನಡುವಿನ ಟೊಳ್ಳಿಗೆ ಉದ್ದನೆಯ ಕಡ್ಡಿ ಇಳಿಸಿ ಹೊಸದನ್ನು ಹಾಕಿದರು. ಮೊದಲನೆಯದಕ್ಕಿಂತ ದೊಡ್ಡ ಆಪರೇಷನ್, ಎಲ್ಲ ರೀತಿಯಲ್ಲೂ. 4 ಲಕ್ಷ 10 ಸಾವಿರ ಖರ್ಚು. ಹೆಂಡತಿಯ ನಾಲ್ಕು ಬಳೆ ಸೊಸೈಟಿಯಲ್ಲಿ ಅಡ ಇಟ್ಟೆವು, ಎರಡು ಇನ್ನೂ ಬಿಡಿಸಿಕೊಂಡಿಲ್ಲ. ಕೇಳಿಕೊಂಡಿದ್ದಕ್ಕೆ, ತೆಗೆದದ್ದನ್ನು ಸ್ಟೀಲ್ ಬಟ್ಟಲಲ್ಲಿ ತಂದು ತೋರಿಸಿದರು. ಲೋಹದ ಟೋಪಿ ಹೊಸ ಪಾತ್ರೆ ಹಾಗೆ ಹೊಳೆಯುತ್ತಿತ್ತು. ಪ್ಲಾಸ್ಟಿಕ್ ಹಳದಿ ತಿರುಗಿ, ಒಳಬದಿಯಲ್ಲಿ ಹೆಬ್ಬೆರಳು ಕೂರುವಷ್ಟು ಗುಳಿ ಬಿದ್ದಿತ್ತು. ತಟ್ಟೆಯನ್ನು ತಿರುಗಿಸಿದರೆ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಕಂಪನಿ ಹೆಸರು, ಸೈಜು, ಲಾಟ್ ನಂಬರ್ ಎಲ್ಲ ಕೊರೆದಿತ್ತು. ಕಾಲಿನಿಂದ ಹೊರಗೆ ಬಂದ ಮೇಲೆ ಅದರ ಹೆಸರು ಗೊತ್ತಾಯಿತು.

ಇನ್ನು ಆ ಇಪ್ಪತ್ತೈದು ವರ್ಷದ ಮಾತಿಗೆ ಬರುತ್ತೇನೆ. ಮಲಗಿದ್ದಲ್ಲೇ ಮಗಳ ಸಹಾಯದಿಂದ ಓದಿದ್ದು ಇದು, ತಪ್ಪಿದ್ದರೆ ಡಾಕ್ಟರುಗಳು ತಿದ್ದಲಿ. 'ಲ್ಯಾನ್ಸೆಟ್' ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 2019ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ನೂರು ಪೂರ್ಣ ಮಂಡಿ ಬದಲಾವಣೆಗಳಲ್ಲಿ ಸುಮಾರು 82, ಇಪ್ಪತ್ತೈದು ವರ್ಷ ಬಾಳುತ್ತವೆ. ಒಳ್ಳೆಯ ಸುದ್ದಿ. ಆದರೆ ಅದು ಎಲ್ಲ ವಯಸ್ಸಿನವರನ್ನೂ ಸೇರಿಸಿದ ಲೆಕ್ಕ, ಮಂಡಿ ಬದಲಾಯಿಸಿಕೊಳ್ಳುವವರಲ್ಲಿ ಹೆಚ್ಚಿನವರು ವಯಸ್ಸಾದವರೇ. ಅದೇ ಪತ್ರಿಕೆಯಲ್ಲಿ 2017ರಲ್ಲಿ ಬ್ರಿಟನ್ನಿನ ದಾಖಲೆ ಇಟ್ಟುಕೊಂಡು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದ ಇನ್ನೊಂದು ಅಧ್ಯಯನ ಇದೆ. ಎಪ್ಪತ್ತು ದಾಟಿದ ಮೇಲೆ ಮಾಡಿಸಿಕೊಂಡರೆ ಜೀವಮಾನದಲ್ಲಿ ಎರಡನೇ ಆಪರೇಷನ್ ಬೇಕಾಗುವುದು ನೂರರಲ್ಲಿ ಸುಮಾರು ಐದು ಜನಕ್ಕೆ. ಐವತ್ತರ ಆಸುಪಾಸಿನ ಗಂಡಸರಲ್ಲಿ? ನೂರರಲ್ಲಿ 35. ಹೆಂಗಸರಲ್ಲಿ ಸುಮಾರು 20. ಅರವತ್ತರೊಳಗೆ ಮಾಡಿಸಿಕೊಂಡು ಎರಡನೇ ಆಪರೇಷನ್ ಬೇಕಾದವರಲ್ಲಿ ಅರ್ಧ ಜನರಿಗೆ ಅದು ಸುಮಾರು ನಾಲ್ಕೂವರೆ ವರ್ಷದೊಳಗೇ ಬಂದಿದೆ. ಇದಲ್ಲದೆ, ಇಂಪ್ಲಾಂಟ್ ಗಟ್ಟಿಯಾಗಿಯೇ ಇದ್ದರೂ ಐದು ಜನರಲ್ಲಿ ಒಬ್ಬರಿಗೆ ಪೂರ್ತಿ ಸಮಾಧಾನ ಸಿಗುವುದಿಲ್ಲ ಅಂತ ಬೇರೆ ಅಧ್ಯಯನಗಳು ಹೇಳುತ್ತವೆ.

ನೂರರಲ್ಲಿ 35 ಅಂದರೆ 65 ಜನಕ್ಕೆ ಎರಡನೇ ಆಪರೇಷನ್ ಬೇಕಾಗುವುದಿಲ್ಲ ಅನ್ನೋದೂ ನಿಜ. 2014ರಲ್ಲಿ ನನಗೆ ಇದನ್ನೆಲ್ಲ ಹೇಳಿದ್ದರೂ ಬಹುಶಃ ನಾನು ಆಪರೇಷನ್ ಮಾಡಿಸಿಕೊಳ್ಳುತ್ತಿದ್ದೆ, ಅಷ್ಟು ನೋವಿತ್ತು. ಆದರೆ ವರ್ಷಕ್ಕೊಂದು ಎಕ್ಸ್‌ರೇ ತೆಗೆಸುತ್ತಿದ್ದೆ. ಸ್ವಲ್ಪ ಹಣ ಎತ್ತಿಡುತ್ತಿದ್ದೆ. ಮೂಳೆಯ ಕೋನ ಸರಿಪಡಿಸಿ ಭಾರವನ್ನು ಚೆನ್ನಾಗಿರುವ ಕಡೆಗೆ ದಾಟಿಸುವ ಆಪರೇಷನ್ ಇದೆಯಂತೆ, ಸವೆದ ಅರ್ಧವನ್ನು ಮಾತ್ರ ಬದಲಾಯಿಸುವುದೂ ಇದೆಯಂತೆ, ಅವು ನನಗೆ ಆಗುತ್ತಿದ್ದವಾ ಅಂತ ಕೇಳುತ್ತಿದ್ದೆ. ಅರ್ಧ ಮಂಡಿಯ ಬಾಳಿಕೆ ಕಡಿಮೆ, ಇಪ್ಪತ್ತೈದು ವರ್ಷಕ್ಕೆ ನೂರರಲ್ಲಿ 70, ಆದರೆ ಕಳೆದುಕೊಳ್ಳುವ ಮೂಳೆಯೂ ಕಡಿಮೆ. ತೂಗಿ ನೋಡಲು ಏನಾದರೂ ಇರುತ್ತಿತ್ತು.

ಮಾನ್ಯರೇ, ಮಂಡಿ ಬದಲಾವಣೆ ಅಂದರೆ ಅಜ್ಜ ಅಜ್ಜಿಯರದ್ದು ಅನ್ನೋ ಕಾಲ ಹೋಯಿತು. ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಯಲ್ಲಿ ನನ್ನ ಪಕ್ಕದ ಮಂಚದಲ್ಲಿದ್ದ ಹೆಣ್ಣುಮಗಳಿಗೆ 36 ವರ್ಷ, ರುಮಟಾಯ್ಡ್ ಸಂಧಿವಾತ, ಎರಡೂ ಮಂಡಿ ಆಗಿವೆ. ಇನ್ನೊಬ್ಬ ಬೈಕ್ ಅಪಘಾತದ ಹುಡುಗ. ನಮ್ಮ ರಾಜ್ಯದ್ದೇ ಆದ ಕಥೆ ಒಂದಿದೆ, ಸಾಗರ ತಾಲೂಕಿನ ಹಂದಿಗೋಡು ಕಾಯಿಲೆ. 1970ರ ದಶಕದಿಂದ ಮಲೆನಾಡಿನ ಬಡ ದಲಿತ ಕುಟುಂಬಗಳಲ್ಲಿ ಮಕ್ಕಳ ಸೊಂಟ, ಮಂಡಿಗಳನ್ನು ತಿನ್ನುತ್ತಿರುವ ಕಾಯಿಲೆ ಅದು. ಅಂಥವರಿಗೆ ಹಾಕಿದ ಕೀಲು ಎಷ್ಟು ವರ್ಷ ಬಾಳಿತು ಅಂತ ತೆಗೆದು ನೋಡಲು ಒಂದು ಪುಸ್ತಕ ಬೇಡವೇ? ಬ್ರಿಟನ್ನಿನ ಲೆಕ್ಕ ಬ್ರಿಟನ್ನಿನವರದ್ದು. ಅಲ್ಲಿ ಯಾರೂ ನೆಲದ ಮೇಲೆ ಕೂತು ಊಟ ಮಾಡುವುದಿಲ್ಲ, ಗದ್ದೆ ಬದುವಿನ ಮೇಲೆ ಹುಲ್ಲು ಹೊತ್ತು ನಡೆಯುವುದಿಲ್ಲ.

ನಾನು ಕೇಳುತ್ತಿರುವುದು ಒಂದು ಹಾಜರಿ ಪುಸ್ತಕ. ಮೇಷ್ಟ್ರಾದವನು ಇನ್ನೇನು ಕೇಳಿಯಾನು. ಸ್ವೀಡನ್‌ನವರು 1975ರಲ್ಲೇ ಮಂಡಿ ಬದಲಾವಣೆಗೆ ನೋಂದಣಿ ಪುಸ್ತಕ ತೆರೆದರು. ಆಸ್ಟ್ರೇಲಿಯಾ 1999ರಲ್ಲಿ, ಬ್ರಿಟನ್ 2003ರಲ್ಲಿ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಲಾಟ್‌ನ ಕೀಲು ಹಾಕಿದರು, ಅದನ್ನು ಯಾವಾಗ, ಯಾಕೆ ತೆಗೆದರು, ಎಲ್ಲ ಅದರಲ್ಲಿ ಇರುತ್ತದೆ. ನಮ್ಮ ದೇಶದಲ್ಲಿ ಕೀಲು ಬದಲಾವಣೆ ವೈದ್ಯರ ಸಂಘ 2006ರಿಂದ ತಾನಾಗಿ ಒಂದು ನೋಂದಣಿ ನಡೆಸುತ್ತಿದೆ, ಅವರಿಗೆ ಕೈಮುಗಿಯಬೇಕು. ಆದರೆ ಮನಸ್ಸಿದ್ದವರು ಬರೆಯುತ್ತಾರೆ, ಇಲ್ಲದವರು ಇಲ್ಲ. ಇಷ್ಟ ಇದ್ದವರು ಮಾತ್ರ 'ಹಾಜರ್ ಸಾರ್' ಅನ್ನಲಿ ಅಂದರೆ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಅಂತ ಹೇಗೆ ಗೊತ್ತಾಗಬೇಕು?

ಇಂಥ ಪುಸ್ತಕ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. ಎಎಸ್‌ಆರ್ ಅನ್ನೋ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ವಾಪಸ್ ತೆಗೆದುಕೊಂಡಿತು. ಅದು ಬೇಗ ಕೈಕೊಡುತ್ತಿದೆ ಅಂತ ಮೊದಲೇ ಎಚ್ಚರಿಸಿದ್ದು ಆಸ್ಟ್ರೇಲಿಯಾದ ಆ ಪುಸ್ತಕ. ನಮ್ಮ ದೇಶದಲ್ಲಿ ಸುಮಾರು 4,700 ಆಪರೇಷನ್‌ಗಳಲ್ಲಿ ಅದನ್ನು ಹಾಕಲಾಗಿತ್ತು. ಆಮೇಲೆ ಹುಡುಕಲು ಹೊರಟರೆ ಅದರಲ್ಲಿ ಹೆಚ್ಚಿನವರ ಪತ್ತೆಯೇ ಸಿಗಲಿಲ್ಲ. ನಮ್ಮ ಮನೆಯ ಎಮ್ಮೆಯ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಟ್ಯಾಗ್ ಇದೆ, ಅದಕ್ಕೆ ಯಾವಾಗ ಕಾಲುಬಾಯಿ ಜ್ವರದ ಲಸಿಕೆ ಹಾಕಿದರು ಅಂತ ಮೊಬೈಲಿನಲ್ಲಿ ಸಿಗುತ್ತದೆ. ಎಮ್ಮೆ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ.

ಮಾಡಲಾಗದ ಕೆಲಸ ಅಂತೂ ಅಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1980ರ ದಶಕದ ಆರಂಭದಿಂದ ಕ್ಯಾನ್ಸರ್ ನೋಂದಣಿ ನಡೆದುಕೊಂಡು ಬಂದಿದೆ, ಕಂಪ್ಯೂಟರ್ ಇಲ್ಲದ ಕಾಲದಿಂದ. ಬೆಲೆ ವಿಷಯದಲ್ಲೂ ಸರ್ಕಾರ ಮನಸ್ಸು ಮಾಡಿದ್ದನ್ನು ನೋಡಿದ್ದೇವೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟ್‌ಗೆ ಮಿತಿ ಬೆಲೆ ಕಟ್ಟಿತು. ಸರಾಸರಿ 1 ಲಕ್ಷ 58 ಸಾವಿರ ಇದ್ದ ಕೋಬಾಲ್ಟ್ ಕ್ರೋಮಿಯಂ ಮಂಡಿ 54,720 ರೂಪಾಯಿಗೆ ಇಳಿಯಿತು, ಜಿಎಸ್‌ಟಿ ಬೇರೆ. ಎರಡನೇ ಆಪರೇಷನ್ನಿನ ಇಂಪ್ಲಾಂಟ್‌ಗೆ 1,13,950. ಅದನ್ನು ಪ್ರಕಟಿಸಿದ್ದು ನಮ್ಮವರೇ, ಆಗ ಕೇಂದ್ರ ಸಚಿವರಾಗಿದ್ದ ದಿವಂಗತ ಅನಂತಕುಮಾರ್. ಕಂಪನಿ ಹೆಸರು, ಬ್ಯಾಚ್ ನಂಬರ್ ಮುಂತಾದ ವಿವರಗಳನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಯಬೇಕು ಅಂತ ಆ ಆದೇಶದಲ್ಲೇ ಇದೆ. ಬರೆಯುತ್ತಿದ್ದಾರಾ ಅಂತ ನೋಡುವವರು ಯಾರು?

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಖಾಸಗಿ ಆಸ್ಪತ್ರೆಗಳ ಮೇಲೆ ನಿಮ್ಮ ಕೈಯಲ್ಲಿ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ, 2017ರ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕಿನ ಸನ್ನದನ್ನೂ ಸೇರಿಸಿದ್ದೀರಿ. ಖಾಸಗಿಯವರಿಗೆ ಅದರ ಅಡಿಯಲ್ಲಿ, ಸರ್ಕಾರಿ ಆಸ್ಪತ್ರೆಗಳಿಗೆ ನಿಮ್ಮ ಆದೇಶದಲ್ಲಿ, ರಾಜ್ಯದ ಪ್ರತಿಯೊಂದು ಕೀಲು ಬದಲಾವಣೆ ಒಂದು ನೋಂದಣಿಗೆ ಹೋಗುವುದನ್ನು ಕಡ್ಡಾಯ ಮಾಡಿ. ಇಂಪ್ಲಾಂಟ್ ಡಬ್ಬಿಯಲ್ಲಿ ಸ್ಟಿಕ್ಕರ್ ಬಂದೇ ಬಂದಿರುತ್ತದೆ, ಅದರಲ್ಲೊಂದನ್ನು ಅಂಟಿಸಿದ ಕಾರ್ಡ್, ಕನ್ನಡದಲ್ಲಿ, ರೋಗಿಯ ಕೈಗೆ ಸಿಗಲಿ. ಅದಕ್ಕೆ ಹತ್ತು ರೂಪಾಯಿ ಖರ್ಚಾಗಬಹುದು. ದೇಹದೊಳಗೆ ಸಾಮಾನು ಇರುವವರೆಗೆ ಅದರ ಕಾಗದವೂ ಆಸ್ಪತ್ರೆಯಲ್ಲಿ ಇರಲಿ, ಮೂರು ವರ್ಷದ ಮಾತು ಬೇಡ.

ಎರಡನೆಯದು ನನಗೆ ಇದಕ್ಕಿಂತ ಮುಖ್ಯ. ಅರವತ್ತರೊಳಗಿನವರಿಗೆ ಸಹಿ ಹಾಕಿಸಿಕೊಳ್ಳುವ ಮುಂಚೆ, ಅವರ ವಯಸ್ಸಿನವರಿಗೆ ಎರಡನೇ ಆಪರೇಷನ್ ಬರುವ ಸಾಧ್ಯತೆ ಎಷ್ಟು, ಬೇರೆ ದಾರಿ ಏನಿದೆ ಅನ್ನೋದನ್ನು ಓದಬಲ್ಲ ಕನ್ನಡದಲ್ಲಿ ಒಂದೇ ಒಂದು ಪುಟದಲ್ಲಿ ಕೊಡಲಿ. ಶಿಬಿರಗಳಲ್ಲಂತೂ ಖಂಡಿತ. ನನ್ನಿಂದ ಹಾಕಿಸಿಕೊಂಡ ಸಹಿ ಎಂಟು ಪುಟದ ಇಂಗ್ಲಿಷ್ ಕಾಗದದ ಕೆಳಗಿತ್ತು, ಆಪರೇಷನ್‌ನ ಹಿಂದಿನ ರಾತ್ರಿ, ನರ್ಸ್ ಬೆರಳಿಟ್ಟು ತೋರಿಸಿದ ಕಡೆ.

ವರ್ಷದ ಎಕ್ಸ್‌ರೇ ತಾಲೂಕು ಆಸ್ಪತ್ರೆಯಲ್ಲೇ ಆಗಲಿ, ನೆನಪಿಸುವ ಮೆಸೇಜ್ ಬರಲಿ. ಮಕ್ಕಳ ಲಸಿಕೆಗೆ ಆಶಾ ಕಾರ್ಯಕರ್ತೆಯರು ಮನೆಗೇ ಬಂದು ನೆನಪಿಸುತ್ತಾರೆ, ನಮಗೆ ಫೋನಿನ ಮೆಸೇಜ್ ಸಾಕು. ಮತ್ತೆ, ಮೊದಲ ಆಪರೇಷನ್‌ಗೆ ಸರ್ಕಾರದ ಯೋಜನೆಯಲ್ಲಿ ನೆರವು ಪಡೆದ ಬಡವರಿಗೆ ಎರಡನೆಯದಕ್ಕೂ ತಕರಾರಿಲ್ಲದೆ ಅದು ಸಿಗುವಂತೆ ನೋಡಿಕೊಳ್ಳಿ. ನನಗೆ ಬಳೆಗಳಿದ್ದವು.

ಮೂಳೆ ಡಾಕ್ಟರುಗಳು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ನಿಮ್ಮ ಮೇಲೆ ಕತ್ತಿ ಎತ್ತುವ ಪತ್ರ ಅಲ್ಲ ಇದು. ನೀವು ಹಾಕಿದ ನೂರು ಮಂಡಿಗಳಲ್ಲಿ ಎಷ್ಟು ಇವತ್ತು ಚೆನ್ನಾಗಿವೆ ಅಂತ ಕೇಳಿದರೆ ನಿಮಗೂ ಗೊತ್ತಿರಲಿಕ್ಕಿಲ್ಲ. ಮಂಡಿ ಕೈಕೊಟ್ಟವರು ನಿಮ್ಮ ಹತ್ತಿರ ವಾಪಸ್ ಬರುವುದಿಲ್ಲ, ನನ್ನ ಹಾಗೆ ಬೇರೆಯವರ ಹತ್ತಿರ ಹೋಗುತ್ತಾರೆ.

ಈಗ ನನಗೆ 55. ಎಡ ಮಂಡಿಯೂ ಶುರುವಾಗಿದೆ, ಇಷ್ಟು ವರ್ಷ ಬಲಗಾಲಿನ ಭಾರವನ್ನೂ ಅದೇ ಹೊತ್ತಿತ್ತಲ್ಲ. ಮುಂದಿನ ತಿಂಗಳು ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಕೇಳಬೇಕಾದ್ದನ್ನು ಶಾಲೆಯ ಹಳೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ, ಒಂದೂವರೆ ಪುಟ ಆಗಿದೆ. ಬಲ ಮಂಡಿಯ ಹೊಸ ಸ್ಟಿಕ್ಕರ್‌ಗಳನ್ನು ಮಾತ್ರ ಈ ಸಲ ಜಗಳ ಆಡಿಯಾದರೂ ತೆಗೆದುಕೊಂಡೆ. ಒಂದು ರೇಷನ್ ಕಾರ್ಡಿನ ಹಿಂದೆ, ಇನ್ನೊಂದು ದೇವರ ಮನೆಯ ಗೋಡೆಗೆ, ಕ್ಯಾಲೆಂಡರ್ ಪಕ್ಕ ಅಂಟಿಸಿದ್ದೇನೆ. ಮೂರನೆಯದು ನಿಮ್ಮ ಇಲಾಖೆಗೆ ಅಂತ ಇಟ್ಟಿದ್ದೇನೆ. ಎಲ್ಲಿಗೆ ಕಳಿಸಬೇಕು ಅಂತ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ತುಂಗಭದ್ರೆ ದಂಡೆಯ ಒಬ್ಬ ಪಿಟಿ ಮೇಷ್ಟ್ರು